ಗೆಣ್ಣಕ್ಕ ಹೇಳಿದ ಸುಳ್ಳು

ಟಿಂಕರಿಂಗ್ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಗೆಣ್ಣಕ್ಕ ಎಂದೇ ಕರೆಯುತ್ತಿದ್ದರು. ಬಲಗೈಯ ನಡುಬೆರಳು ಮಡಿಸಿ, ಅದರ ಗೆಣ್ಣಿನಿಂದ ಗಾಡಿಯ ಮೈಯನ್ನು ತಟ್ಟುತ್ತಾ ಹೋದರೆ ಸಾಕು, ಎಲ್ಲಿ ತಗಡಿದೆ, ಎಲ್ಲಿ ಗುಳಿ ಮುಚ್ಚಲು ಪುಟ್ಟಿ ಮೆತ್ತಿದೆ, ಎಲ್ಲಿ ತುಕ್ಕು ತಿಂದು ಬರೀ ಬಣ್ಣವಷ್ಟೇ ನಿಂತಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಿಬಿಡುತ್ತಿದ್ದಳು. ಕಲಿಸಿದವನು ಅವಳ ಅಪ್ಪ. ಒಳ್ಳೇ ತಗಡು ಠಣ್ ಅನ್ನುತ್ತೆ, ಪುಟ್ಟಿ ದಬ್ ಅನ್ನುತ್ತೆ, ತುಕ್ಕು ಮಾತ್ರ ತುಟಿ ಬಿಚ್ಚಲ್ಲ ಎಂದು ಅವನು ಹೇಳಿಕೊಟ್ಟಿದ್ದ. ಹದಿನಾರನೇ ವಯಸ್ಸಿಗೆ ಶೆಡ್ಡಿಗೆ ಬಂದವಳು ನಲವತ್ತೆರಡು ತುಂಬಿದರೂ ಅಲ್ಲೇ ಇದ್ದಳು. ಅಪ್ಪ ತೀರಿಕೊಂಡ ಮೇಲೆ ಶೆಡ್ಡು ಅಣ್ಣನದಾಯಿತು. ಗ್ರೈಂಡರು, ವೆಲ್ಡಿಂಗ್ ಮಿಷನ್ನು, ಸುತ್ತಿಗೆಗಳ ಜೊತೆಗೆ ತಂಗಿಯೂ ಅವನ ಪಾಲಿಗೆ ಬಂದಳು.

ಒಂದು ಸಲ ಮದುವೆಯ ಮಾತು ಬಂದಿತ್ತು. ಆಗ ಅವಳಿಗೆ ಇಪ್ಪತ್ತನಾಲ್ಕು. ಹುಡುಗನ ತಾಯಿ ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈ ಹಿಡಿದು ನೋಡಿದಳು. ನೀರಲ್ಲಿ ನೆನೆಸಿದ ಮರಳು ಕಾಗದ ಹಿಡಿದು ದಿನವಿಡೀ ಪುಟ್ಟಿ ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಅಂಗೈ ಕಲ್ಲಾಗಿತ್ತು. "ಇದು ಕೈಯೋ, ಅರವೋ? ನನ್ನ ಮಗ ಸವೆದು ಹೋದಾನು," ಎಂದಳು ಆಕೆ. ಕೂತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣ. ಉಜ್ಜುವ ಕೈ ಶೆಡ್ಡು ಬಿಟ್ಟು ಹೋಗಲಿಲ್ಲವಲ್ಲ ಎಂಬ ಸಮಾಧಾನ ಅವನ ನಗುವಿನಲ್ಲಿ ಎದ್ದು ಕಾಣುತ್ತಿತ್ತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಶೆಡ್ಡಿನ ಹಿಂದೆ, ಬಣ್ಣದ ಡಬ್ಬಗಳನ್ನು ಇಡುತ್ತಿದ್ದ ಕೋಣೆಯಲ್ಲಿ ಅವಳ ಮಂಚ ಬಿದ್ದದ್ದು ಖಾಯಂ ಆಯಿತು. ಊಟದ ತಟ್ಟೆ ಅತ್ತಿಗೆಯ ಮನೆಯಿಂದ ಬರುತ್ತಿತ್ತು. ಅತ್ತಿಗೆಗೆ ಮನಸ್ಸು ಸರಿಯಿಲ್ಲದ ದಿನ ಬರುತ್ತಿರಲಿಲ್ಲ.

ಅಣ್ಣನ ನಿಜವಾದ ವ್ಯಾಪಾರ ರಿಪೇರಿಯಲ್ಲ. ಸವೆದು ಸುಣ್ಣವಾದ ಪಿಕಪ್ ಗಾಡಿಗಳನ್ನು ಸಿಕ್ಕಷ್ಟು ಅಗ್ಗಕ್ಕೆ ತಂದು, ಮೈ ತಿದ್ದಿ, ಬಣ್ಣ ಹೊಡೆದು ಮಾರುವುದು ಅವನ ಕಸುಬು. ಒಮ್ಮೆ ಗಿರಾಕಿಯೊಬ್ಬ ಗಾಡಿ ನೋಡುತ್ತಿದ್ದಾಗ, ಪಕ್ಕದಲ್ಲಿ ಬಕೆಟ್ ತೊಳೆಯುತ್ತಿದ್ದ ಅವಳು ಎಡಗಡೆ ಬಾಗಿಲು ಪೂರ್ತಿ ಪುಟ್ಟಿ ಎಂದುಬಿಟ್ಟಳು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅವನು ಕೇಳಿದ, ಅವಳು ಹೇಳಿದಳು. ಗಿರಾಕಿ ಹೋದ ಮೇಲೆ ಅಣ್ಣ ಒದ್ದೆ ಮರಳು ಕಾಗದ ಸುತ್ತಿದ್ದ ಮರದ ತುಂಡಿನಿಂದಲೇ ಅವಳ ಕೆನ್ನೆಗೆ ಬಾರಿಸಿದ. ಒಂದು ವಾರ ಆ ಕೆನ್ನೆಯ ಮೇಲೆ ಉಜ್ಜಿದ ಗುರುತಿತ್ತು. ಆದರೆ ಎಂಟನೇ ದಿನಕ್ಕೆ ಅದೇ ಗಿರಾಕಿ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಈ ಶೆಡ್ಡಲ್ಲಿ ಒಬ್ಬ ಹೆಂಗಸಿದಾಳೆ, ಇದ್ದದ್ದು ಇದ್ದ ಹಾಗೆ ಹೇಳ್ತಾಳೆ ಎಂದು ಅವನೇ ಊರೆಲ್ಲ ಹೇಳಿದ್ದ.

ಅಣ್ಣ ದಡ್ಡನಲ್ಲ. ಅಂದಿನಿಂದ ಅವಳಿಗೊಂದು ಕಟ್ಟಪ್ಪಣೆಯಾಯಿತು. ಬಾಗಿಲಿನ ಗುಳಿ, ಬಂಪರಿನ ಸೊಟ್ಟ, ಮೂಲೆಯಲ್ಲಿ ಎದ್ದ ಬಣ್ಣ, ಇಂಥ ಚಿಲ್ಲರೆ ನಿಜಗಳನ್ನೆಲ್ಲ ಧಾರಾಳವಾಗಿ ಹೇಳಬೇಕು. ಗಾಡಿಯನ್ನೇ ಹೊತ್ತು ನಿಂತ ಚಾಸಿ, ನೆಲದ ತಗಡು, ಲೋಡ್ ಬಾಡಿಯ ಕೆಳಗಿನ ಅಡ್ಡಪಟ್ಟಿಗಳ ವಿಷಯಕ್ಕೆ ಬಂದಾಗ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಅವಳು ಹಾಗೇ ಮಾಡಿದಳು. ಜನ ಅವಳು ಹೇಳಿದ ಗುಳಿಗಳನ್ನು ಎಣಿಸಿ, ಹೇಳದೇ ಉಳಿದ ಜಾಗವೆಲ್ಲ ಗಟ್ಟಿ ಎಂದುಕೊಂಡು ಕೊಂಡು ಹೋದರು. ಹೀಗೆ ಎಂಟೊಂಬತ್ತು ವರ್ಷ ಕಳೆಯಿತು. ತಾನು ಸುಳ್ಳು ಹೇಳುತ್ತಿಲ್ಲ, ಸುಮ್ಮನಿದ್ದೇನೆ ಅಷ್ಟೇ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಇನ್ನೂ ಒಂದು ವಿಷಯವಿತ್ತು, ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಹತ್ತು ಜನ ಗಂಡಸರು ಸುತ್ತ ನಿಂತು ತನ್ನ ಬೆರಳನ್ನೇ ನೋಡುವ ಆ ಗಳಿಗೆ ಅವಳಿಗೆ ಇಷ್ಟವಾಗುತ್ತಿತ್ತು. ಬೇರೆ ಹೊತ್ತಿನಲ್ಲಿ ಅವಳ ಕಡೆ ತಿರುಗಿ ನೋಡುವವರೇ ಇರಲಿಲ್ಲ.

ಆ ವರ್ಷ ಅಣ್ಣ ತಂದ ಪಿಕಪ್ಪು ಕಡಲಂಚಿನಲ್ಲಿ ಎಂಟು ವರ್ಷ ಮೀನು ಹೊತ್ತದ್ದು. ಐಸು ಕರಗಿದ ಉಪ್ಪುನೀರು ಹಗಲೂ ರಾತ್ರಿ ಸೋರಿ ಅದರ ಅಡಿಯನ್ನು ಹಪ್ಪಳ ಮಾಡಿತ್ತು. ಗೆಣ್ಣಕ್ಕ ಅದರ ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಸುಮ್ಮನೆ ಒತ್ತಿದಳು. ಅದು ಬಿಸ್ಕತ್ತಿನೊಳಗೆ ಹೋದಂತೆ ಅಡ್ಡಪಟ್ಟಿಯೊಳಗೆ ಹೋಯಿತು. ಎಡಗಡೆ ಚಾಸಿಯ ಮೇಲೆ ಕೈಯಾಡಿಸಿದರೆ ಪದರು ಪದರಾಗಿ ಕೈಗೇ ಬಂತು. ಇದನ್ನು ಗುಜರಿಗೆ ಹಾಕೋದು ಒಳ್ಳೇದು ಎಂದು ಅವಳು ಹೇಳಿದಾಗ ಇದನ್ನ ತಂದದ್ದೇ ಗುಜರಿಯಿಂದ ಎಂದು ಅಣ್ಣ ನಕ್ಕ. ತುಕ್ಕಿನ ಮೇಲೇ ತೆಳು ತಗಡು ಇಟ್ಟು ವೆಲ್ಡ್ ಮಾಡಿದ. ಅದರ ಮೇಲೆ ಅವಳು ಪುಟ್ಟಿ ಮೆತ್ತಿ, ಉಜ್ಜಿ, ಮತ್ತೆ ಮೆತ್ತಿದಳು. ಅಡಿಗೆ ಟಾರಿನಂಥ ಕಪ್ಪು ಬಣ್ಣ, ಮೇಲೆ ಹೊಳೆಯುವ ಬಿಳಿ. ಹನ್ನೊಂದು ದಿನದ ಕೆಲಸ. ಮುಗಿದಾಗ ಗಾಡಿ ಮದುವಣಗಿತ್ತಿಯ ಹಾಗಿತ್ತು.

ಮೂರು ತಿಂಗಳಾದರೂ ಅದು ಮಾರಾಟವಾಗಲಿಲ್ಲ. ಅಣ್ಣನ ಸಿಟ್ಟು ಯಥಾಪ್ರಕಾರ ತಂಗಿಯ ಮೇಲೆ ತಿರುಗಿತು. ಈ ಗಾಡಿ ಹೋಗದಿದ್ದರೆ ಹಿಂದಿನ ಕೋಣೆಯನ್ನು ಟೈರಿನವನಿಗೆ ಬಾಡಿಗೆಗೆ ಕೊಡುತ್ತೇನೆ, ನೀನು ಎಲ್ಲಾದರೂ ನೋಡಿಕೋ ಎಂದ. ಅವನು ಹೇಳಿದ್ದನ್ನು ಮಾಡುವ ಆಸಾಮಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಬಂದವರು ಗಾಜಿನವನು ಮತ್ತು ಅವನ ಹೆಂಡತಿ. ಕಿಟಕಿ, ಅಂಗಡಿ ಮುಂಗಟ್ಟುಗಳಿಗೆ ಗಾಜು ಕೊಯ್ದು, ಸಾಗಿಸಿ, ಕೂರಿಸಿ ಕೊಡುವ ಕೆಲಸ ಅವರದು. ಗಂಡ ಕೊಯ್ಯುತ್ತಿದ್ದ, ಹೆಂಡತಿ ಅಂಚು ತಿಕ್ಕುತ್ತಿದ್ದಳು. ಇಷ್ಟು ವರ್ಷ ಬಾಡಿಗೆ ಗಾಡಿಗಳಲ್ಲಿ ಸಾಗಿಸಿ ಲಾಭವೆಲ್ಲ ಬಾಡಿಗೆಗೇ ಸುರಿದು ಸಾಕಾಗಿತ್ತು. ಗಂಡ ಅಣ್ಣನ ಜೊತೆ ಇಂಜಿನ್ನಿನ ಮುಂದೆ ನಿಂತು ಮಾತಾಡುತ್ತಿದ್ದರೆ, ಹೆಂಡತಿ ನೇರ ಗೆಣ್ಣಕ್ಕನ ಬಳಿ ಬಂದಳು. ಅವಳ ಕೈಯ ತುಂಬ ಬಿಳಿ ಗೀರುಗಳು, ಹಳೆಯ ಕೊಯ್ತಗಳು. ತನ್ನ ಕೈಯನ್ನು ನೋಡಿ ಮುಖ ಸಿಂಡರಿಸದ ಹೆಂಗಸನ್ನು ಗೆಣ್ಣಕ್ಕ ಕಂಡದ್ದು ಅದೇ ಮೊದಲು. ಆಕೆ ಆ ಕೈಯನ್ನು ಹಿಡಿದುಕೊಂಡೇ ಕೇಳಿದಳು.

"ಅಕ್ಕ, ನಮ್ಮ ಹತ್ರ ಇರೋದೆಲ್ಲ ಇದಕ್ಕೇ ಹೋಗುತ್ತೆ. ಮಾರೋರು ಹೇಳೋದನ್ನ ನಾನು ಕಿವಿಗೆ ಹಾಕ್ಕೊಳಲ್ಲ. ನೀವು ಒಂದು ಮಾತು ಹೇಳಿ. ಗಾಜು ಹೊರುತ್ತಾ ಇದು?"

ಇಂಥ ನೇರ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಸುಮ್ಮನಿರಲು ಜಾಗವೇ ಇರಲಿಲ್ಲ. ಅಣ್ಣ ಇಂಜಿನ್ನಿನ ಮೇಲಿಂದ ತಲೆಯೆತ್ತಿ ನೋಡಿದ.

"ಹೊರುತ್ತೆ," ಎಂದಳು ಗೆಣ್ಣಕ್ಕ. "ತಗೊಳ್ಳಿ."

ಐದು ವಾರಕ್ಕೆ ಗಾಡಿ ವಾಪಸು ಬಂತು. ಡ್ರೈವರ್ ಕಡೆಯ ಬಾಗಿಲು ಜೋತುಬಿದ್ದಿತ್ತು. ಎತ್ತಿ ಒತ್ತದೆ ಹಾಕಲು ಬರುತ್ತಿರಲಿಲ್ಲ. ಬಾಗಿಲ ಕೀಲು ಹಿಡಿದಿದ್ದ ಕಂಬವೇ ಕೊಳೆತಿದೆ ಎಂದು ಗೆಣ್ಣಕ್ಕನಿಗೆ ತಟ್ಟದೆಯೇ ಗೊತ್ತಾಯಿತು. ಅಣ್ಣ ಹಳೇ ಗಾಡಿ ಅಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಹೇಳಿ, ನಿಮ್ಮ ಮುಖ ನೋಡಿ ಕಮ್ಮಿ ಮಾಡಿದ್ದೇನೆ ಎಂದು ಆರು ಸಾವಿರ ತೆಗೆದುಕೊಂಡ. ಗಾಜಿನವನು ಥ್ಯಾಂಕ್ಸ್ ಹೇಳಿ ಹೋದ. ತಿಂಗಳ ನಂತರ ಮಳೆ ಬಂದಾಗ ಅವನ ಕಾಲಡಿಯ ಮ್ಯಾಟು ಒದ್ದೆಯಾಗತೊಡಗಿತು. ಎತ್ತಿ ನೋಡಿದರೆ ಅಂಗೈಯಗಲದ ತೂತಿನಲ್ಲಿ ರಸ್ತೆ ಕಾಣುತ್ತಿತ್ತು. ಒಂಬತ್ತು ಸಾವಿರ. ಆಮೇಲೆ ಹಿಂಬಾಗಿಲು ಕಳಚಿಕೊಂಡು ನಡುರಸ್ತೆಯಲ್ಲಿ ಬಿತ್ತು. ಆಮೇಲೆ ಗಾಡಿ ತಿರುವಿನಲ್ಲಿ ತಿರುಗುವಾಗ ಲೋಡ್ ಬಾಡಿ ಒಂದು ಕಡೆಗೆ ಮೈ ಮುರಿಯತೊಡಗಿ, ಒಳಗಿನ ಗಾಜುಗಳು ತಾವಾಗಿ ಬಿರುಕು ಬಿಡತೊಡಗಿದವು. ಪ್ರತಿ ಸಲ ಅಣ್ಣ ತುಕ್ಕಿನ ಮೇಲೇ ವೆಲ್ಡ್ ಮಾಡುತ್ತಿದ್ದ. ವೆಲ್ಡಿಂಗಿನ ಶಾಖಕ್ಕೆ ಅದರ ಪಕ್ಕದ ಜಾಗ ಇನ್ನಷ್ಟು ಸುಟ್ಟು ತೆಳುವಾಗುತ್ತಿತ್ತು. ಒಂದು ತೇಪೆ ಮುಂದಿನ ತೂತನ್ನು ಹುಟ್ಟಿಸುತ್ತದೆ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಕೊಂಡ ಬೆಲೆಯ ಅರ್ಧಕ್ಕಿಂತ ಹೆಚ್ಚು ರಿಪೇರಿಗೇ ನೀರಿನಂತೆ ಹರಿದುಹೋಯಿತು. ಒಂದೇ ಗಾಡಿಯಲ್ಲಿ ಎರಡು ಫಸಲು ಎಂದು ಅಣ್ಣ ಅತ್ತಿಗೆಯೆದುರು ಹೇಳಿ ನಗುತ್ತಿದ್ದ.

ಒಂದು ಮಧ್ಯಾಹ್ನ ಗಾಜಿನವನ ಹೆಂಡತಿ ಒಬ್ಬಳೇ ನಡೆದುಕೊಂಡು ಬಂದಳು. ಅಣ್ಣ ಊಟಕ್ಕೆ ಹೋಗಿದ್ದ. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಆಕೆಗೆ ಸಿಟ್ಟು ಬಂದಂತೆ ಕಾಣಲಿಲ್ಲ, ದಣಿದಿದ್ದಳು. ಒಡೆದ ಗಾಜಿಗೆ ದುಡ್ಡು ವಾಪಸು ಕೊಟ್ಟದ್ದು, ಎರಡು ದೊಡ್ಡ ಅಂಗಡಿಯವರು ಕೆಲಸ ಬೇರೆಯವರಿಗೆ ಕೊಟ್ಟದ್ದು ಎಲ್ಲ ಹೇಳಿಕೊಂಡು, ಕೊನೆಗೆ ಮೆಲ್ಲಗೆ ಕೇಳಿದಳು, "ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮಗೆ ಮೊದಲೇ ಗೊತ್ತಿತ್ತಾ?"

ಆ ಗಳಿಗೆಯಲ್ಲಿ ಅವಳನ್ನು ಹೆದರಿಸುವವರು ಯಾರೂ ಇರಲಿಲ್ಲ. ಅಣ್ಣನ ಕಣ್ಣು ಅವಳ ಮೇಲಿರಲಿಲ್ಲ. ಹೌದು ಎಂಬ ಎರಡಕ್ಷರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಹೌದು ಎಂದ ಮರುಗಳಿಗೆ ಈ ಮುಖ ಬದಲಾಗುತ್ತದೆ, ತನ್ನ ಕೈ ಹಿಡಿದ ಒಬ್ಬಳೇ ಒಬ್ಬಳು ಕೈ ಬಿಡುತ್ತಾಳೆ ಎಂಬುದು ಅವಳಿಗೆ ಅದಕ್ಕಿಂತ ಮೊದಲೇ ಹೊಳೆಯಿತು. ನಾಲಿಗೆ ತಾನೇ ಇನ್ನೊಂದು ದಾರಿ ಹುಡುಕಿಕೊಂಡಿತು.

"ಲೋಡು ಜಾಸ್ತಿ ಹಾಕಿರ್ತಾರೆ," ಎಂದಳು. "ಗಾಡಿ ಎಷ್ಟು ಹೊರಬಹುದೋ ಅಷ್ಟೇ ಹೊರಿಸಬೇಕಲ್ವಾ. ನಿಮ್ಮ ಯಜಮಾನ್ರನ್ನೇ ಕೇಳಿ ನೋಡಿ."

ಮೊದಲನೇ ಸುಳ್ಳಿಗೆ ಕೋಣೆಯ ಭಯ ಎಂಬ ನೆಪವಾದರೂ ಇತ್ತು. ಎರಡನೆಯದಕ್ಕೆ ಏನೂ ಇರಲಿಲ್ಲ. ಮತ್ತು ಆಕೆ ಅದನ್ನು ನಂಬಿದಳು. ಎಷ್ಟು ಬೇಗ ನಂಬಿದಳೆಂದರೆ ಅವಳ ಮುಖದಲ್ಲಿ ಒಂದು ಥರ ನಿರಾಳವೂ ಕಾಣಿಸಿತು. ಯಾರನ್ನು ಬಯ್ಯಬೇಕೆಂದು ಗೊತ್ತಿಲ್ಲದೆ ಇಷ್ಟು ದಿನ ಒದ್ದಾಡಿದವಳಿಗೆ ಈಗ ಮನೆಯಲ್ಲೇ ಒಬ್ಬ ಸಿಕ್ಕಿದ್ದ.

ಅಂದಿನಿಂದ ಗಾಜಿನವನ ಮನೆಯಲ್ಲಿ ಅವನ ಗತಿ ನೋಡುವ ಹಾಗಿರಲಿಲ್ಲ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಹೆಂಡತಿ ಗಿರಾಕಿಗಳ ಮುಂದೆಯೇ ಅವನನ್ನು ಆಸೆಬುರುಕ ಎಂದು ಅನ್ನತೊಡಗಿದಳು. ಗಾಡಿ ತುಂಬುವಾಗ ಪಕ್ಕದಲ್ಲಿ ನಿಂತು ಗಾಜುಗಳನ್ನು ಎಣಿಸುತ್ತಿದ್ದಳು. ಹತ್ತು ಹಾಕುವಲ್ಲಿ ಐದು ಹಾಕಬೇಕಾಯಿತು. ಒಂದು ಸಲಕ್ಕೆ ಆಗುವ ಕೆಲಸಕ್ಕೆ ಎರಡು ಸಲ ಓಡಾಟ, ಎರಡು ಪಟ್ಟು ಡೀಸೆಲ್ಲು. ಅವನು ನಾನು ಯಾವತ್ತೂ ಹೆಚ್ಚು ಹಾಕಿಲ್ಲ ಕಣೇ ಎಂದು ಮೊದಮೊದಲು ಹೇಳಿದ. ಹಾಗಾದ್ರೆ ಗೆಣ್ಣಕ್ಕ ಸುಳ್ಳು ಹೇಳ್ತಾರಾ ಎಂದು ಅವಳು ತಿರುಗಿ ಕೇಳಿದಳು.

ಅದಾಗಿ ಎರಡು ತಿಂಗಳಿಗೆ, ಬೆಳಗಿನ ಹತ್ತು ಗಂಟೆಯ ಹೊತ್ತಿನಲ್ಲಿ, ಕಟ್ಟಡವೊಂದರ ಮುಂದಿನ ಇಳಿಜಾರಿನಲ್ಲಿ ಗಾಡಿ ನಿಂತಿತ್ತು. ಗಾಜಿನವನು ಹಿಂದೆ ಹತ್ತಿ ಹಗ್ಗ ಬಿಚ್ಚುತ್ತಿದ್ದ. ಅಂದು ಗಾಡಿಯಲ್ಲಿದ್ದದ್ದು ನಾಲ್ಕೇ ಗಾಜು. ಎಡಗಡೆಯ ಅಡ್ಡಪಟ್ಟಿಗಳು ಮೂರೂ ಒಟ್ಟಿಗೆ ಮುರಿದವು. ನೆಲ ಕುಸಿಯಿತು, ಗಾಜು ನಿಲ್ಲಿಸುವ ಮರದ ಚೌಕಟ್ಟು ಅವನ ಕಡೆಗೆ ವಾಲಿತು. ಬೇರೆ ಯಾರಾದರೂ ಆಗಿದ್ದರೆ ಹಾರಿ ತಪ್ಪಿಸಿಕೊಳ್ಳುತ್ತಿದ್ದರು. ಅವನು ಇಪ್ಪತ್ತು ವರ್ಷ ಗಾಜು ಉಳಿಸಿದವನು, ಬೀಳುವ ಗಾಜಿಗೆ ಕೈ ಕೊಟ್ಟ. ಬಲಗೈಯ ಮಣಿಕಟ್ಟಿನಿಂದ ಅಂಗೈಯವರೆಗೆ ನರಗಳು ಕತ್ತರಿಸಿಹೋದವು. ಆಸ್ಪತ್ರೆಯಲ್ಲಿ ಹೆಬ್ಬೆರಳನ್ನೂ ತೋರುಬೆರಳನ್ನೂ ಆಡುವಂತೆ ಮಾಡಿದರು. ಉಳಿದ ಮೂರು ಬೆರಳು ಕೈಯಲ್ಲಿದ್ದವು, ಅಷ್ಟೇ.

ಹದಿನೈದು ದಿನ ಬಿಟ್ಟು ಅಣ್ಣ ಅವರ ಮನೆಗೆ ಹೊರಟ. ನೋಡಿ ಬರಲು ಅಲ್ಲ, ಗಾಡಿಯನ್ನು ಗುಜರಿ ಬೆಲೆಗೆ ವಾಪಸು ಕೇಳಲು. ತಂಗಿಯನ್ನೂ ಕರೆದ. ಆ ಹೆಂಗಸಿಗೆ ನಿನ್ನ ಮೇಲೆ ವಿಶ್ವಾಸ, ಸುಮ್ಮನೆ ಪಕ್ಕದಲ್ಲಿ ಕೂತಿರು ಎಂದ.

ಮುಂದೆ ಅಂಗಡಿ, ಹಿಂದೆ ಒಂದು ಕೋಣೆಯ ಮನೆ. ಗಾಜಿನವನು ಗೋಡೆಗೆ ಒರಗಿ ಕೂತಿದ್ದ. ಬ್ಯಾಂಡೇಜು ಕಟ್ಟಿದ ಕೈ ತೊಡೆಯ ಮೇಲೆ ಬೇರೆ ಯಾರದೋ ಸಾಮಾನಿನಂತೆ ಬಿದ್ದಿತ್ತು. ಹೆಂಡತಿ ಗೆಣ್ಣಕ್ಕನನ್ನು ಒಳಗೆ ಕರೆದು, ಇದ್ದ ಒಂದೇ ಕುರ್ಚಿಯಲ್ಲಿ ಕೂರಿಸಿದಳು. ಕೂರಿಸಿ, ಗಂಡನ ಕಡೆ ಬೆರಳು ಮಾಡಿ, "ನೋಡಿ ಅಕ್ಕ, ನೀವು ಅವತ್ತೇ ಹೇಳಿದ್ರಿ. ಅಷ್ಟೊತ್ತಿಗೆ ಇವರು ಲೋಡು ತುಂಬಿ ತುಂಬಿ ಗಾಡಿ ಹಾಳು ಮಾಡಿಟ್ಟಿದ್ರು. ಈಗ ಮುಖ ತೊಳೆಯೋಕೂ ನಾನೇ ಬೇಕು," ಎಂದಳು. ಅವನು ತಲೆಯೆತ್ತಲಿಲ್ಲ. ದಿನಕ್ಕೆ ಹತ್ತು ಸಲ ಇದೇ ಮಾತು ಕೇಳಿ ಕೇಳಿ ಅಭ್ಯಾಸವಾದವನ ಹಾಗೆ ನೆಲ ನೋಡುತ್ತಿದ್ದ.

ಕೋಣೆ ಹೋಗಲಿ, ಅನ್ನ ಹೋಗಲಿ, ಅಣ್ಣ ಇಲ್ಲೇ ಹೊಡೆದರೂ ಹೊಡೆಯಲಿ ಎಂದು ಗೆಣ್ಣಕ್ಕನಿಗೆ ಎನಿಸಿತು. ಕುರ್ಚಿಯಿಂದ ಎದ್ದು ನಿಂತಳು.

"ಅವರ ತಪ್ಪಿಲ್ಲ," ಎಂದಳು. "ಗಾಡಿ ಮೊದಲೇ ಕೊಳೆತಿತ್ತು. ನಂಗೆ ಗೊತ್ತಿತ್ತು. ಪುಟ್ಟಿ ಮೆತ್ತಿದವಳು ನಾನೇ. ಲೋಡಿನ ಮಾತು ಸುಳ್ಳು."

ಅಣ್ಣನ ಮುಖದ ರಕ್ತ ಇಳಿಯಿತು. ಗಾಜಿನವನು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ಹೆಂಡತಿ ಮಾತ್ರ ಹತ್ತಿರ ಬಂದು ಗೆಣ್ಣಕ್ಕನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

"ಅಕ್ಕ, ಇವರ ಸ್ಥಿತಿ ನೋಡಿ ನಿಮಗೆ ಕನಿಕರ ಬಂತು. ಇವರನ್ನ ಉಳಿಸೋಕೆ ಹೋಗಿ ನಿಮ್ಮ ಮೇಲೆ ಹಾಕ್ಕೋಬೇಡಿ. ನಿಮಗೆ ಸುಳ್ಳು ಹೇಳೋಕೂ ಬರಲ್ಲ."

"ಸುಳ್ಳಲ್ಲ," ಎಂದಳು ಗೆಣ್ಣಕ್ಕ. "ನಿಜ ಹೇಳ್ತಿದೀನಿ."

"ನಾನೂ ಅದನ್ನೇ ಹೇಳಿದ್ದೆ," ಎಂದ ಗಾಜಿನವನು. ಅವನ ದನಿ ಬಹಳ ದಿನ ಬಳಸದ ಬಾಗಿಲಿನಂತೆ ಕಿರುಗುಟ್ಟಿತು.

"ನೀವು ಸುಮ್ನಿರಿ," ಎಂದು ಹೆಂಡತಿ ತಿರುಗಿ ನೋಡದೆಯೇ ಹೇಳಿದಳು. "ಅವರು ಏನೋ ದೊಡ್ಡ ಮನಸ್ಸು ಮಾಡಿ ಅಂದ್ರೆ, ಅದನ್ನೇ ಹಿಡ್ಕೊಂಡು ಜೋತಾಡ್ತೀರಲ್ಲ."

ಗಾಜಿನವನು ನಕ್ಕ. ಜೋರಾಗಿ ಅಲ್ಲ, ಮೂಗಿನಲ್ಲಿ ಗಾಳಿ ಬಿಟ್ಟ ಹಾಗೆ. ಆಮೇಲೆ ಮತ್ತೆ ನೆಲ ನೋಡಿದ. ಇಷ್ಟು ಹೊತ್ತಿಗೆ ಅಣ್ಣ ಚೇತರಿಸಿಕೊಂಡಿದ್ದ. ನನ್ನ ತಂಗಿ ಚಿಕ್ಕಂದಿನಿಂದಲೂ ಹೀಗೇ, ಬೇರೆಯವರ ಕಷ್ಟ ನೋಡಿದರೆ ಕರಗಿಹೋಗುತ್ತಾಳೆ ಎಂದು ಹೇಳಿ, ಗಂಟಲು ಸರಿಮಾಡಿಕೊಂಡು ಗಾಡಿಯ ಮಾತಿಗೆ ಬಂದ. ಗುಜರಿಯವನು ಕೊಡುವುದಕ್ಕಿಂತ ಒಂದು ಸಾವಿರ ಹೆಚ್ಚೇ ಕೊಡುತ್ತೇನೆ, ಎಳೆದುಕೊಂಡು ಹೋಗುವ ಖರ್ಚು ಮಾತ್ರ ಅದರಲ್ಲಿ ಹಿಡಿದುಕೊಳ್ಳುತ್ತೇನೆ ಎಂದ. ಹೆಂಡತಿ ಒಪ್ಪಿದಳು. ಇಂಥ ಹೊತ್ತಿನಲ್ಲಿ ಯಾರು ಮಾಡುತ್ತಾರೆ ಇಷ್ಟು ಉಪಕಾರ ಎಂದೂ ಅಂದಳು.

ಹಗ್ಗ ಕಟ್ಟಿ ಗಾಡಿ ಎಳೆಯಬೇಕಾದರೆ ಹಿಂದಿನ ಗಾಡಿಯಲ್ಲಿ ಸ್ಟೀರಿಂಗ್ ಹಿಡಿಯಲು ಒಬ್ಬರು ಬೇಕು. ಗೆಣ್ಣಕ್ಕ ಹತ್ತಿ ಕೂತಳು. ಮುಂದೆ ಅಣ್ಣನ ಗಾಡಿ ಹಗ್ಗ ಬಿಗಿಸುತ್ತಿದ್ದಂತೆ ಈ ಗಾಡಿಯ ಮೈಯೆಲ್ಲ ಕಿರ್ರೆಂದಿತು. ಬ್ರೇಕಿನ ಮೇಲಿಟ್ಟ ಕಾಲಿನ ಪಕ್ಕದಲ್ಲಿ ಅಣ್ಣ ಹಾಕಿದ್ದ ಒಂಬತ್ತು ಸಾವಿರದ ತೇಪೆ ಅಂಚಿನಲ್ಲಿ ಬಾಯಿ ಬಿಟ್ಟಿತ್ತು. ಅದರಾಚೆ ರಸ್ತೆಯ ಜಲ್ಲಿ ಹಿಂದಕ್ಕೆ ಓಡುತ್ತಿತ್ತು. ಅಂಗಡಿಯ ಬಾಗಿಲಲ್ಲಿ ನಿಂತು ಗಾಜಿನವನ ಹೆಂಡತಿ ಕೈ ಬೀಸಿದಳು. ಸ್ಟೀರಿಂಗ್ ಬಿಡುವ ಹಾಗಿರಲಿಲ್ಲ, ಗೆಣ್ಣಕ್ಕ ತಲೆಯಾಡಿಸಿದಳು.

ಶೆಡ್ಡು ಮುಟ್ಟಿದ ಮೇಲೆ ಅಣ್ಣ ಹೊಡೆಯಲಿಲ್ಲ. ಹೊಡೆದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಅವನು ಗಾಡಿಯಿಂದ ಇಳಿದು, ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನು ನಿಜ ಹೇಳಿದ್ರೂ ಲಾಭ ನಂಗೇನೇ ಕಣೇ," ಎಂದ. ಮನೆಗೆ ಹೋಗಿ ಅತ್ತಿಗೆಗೂ ಹೇಳಿದ. ಅಂದು ಅತ್ತಿಗೆ ಕಳಿಸಿದ ತಟ್ಟೆಯಲ್ಲಿ ಎಂದಿಗಿಂತ ಹೆಚ್ಚು ಊಟವಿತ್ತು. ಅವಳು ತಿಂದಳು. ಹಸಿವಾಗಿತ್ತು.

ಬೇರೆ ಗಾಡಿಯ ಅಡ್ಡಪಟ್ಟಿ ಕತ್ತರಿಸಿ ತಂದು ಅಣ್ಣ ಮುರಿದ ಜಾಗಕ್ಕೆ ಜೋಡಿಸಿದ. ಈ ಸಲ ನೀಲಿ ಬಣ್ಣ. ಪುಟ್ಟಿಯ ಕೆಲಸ ಅವಳದೇ. ಆಗುವುದಿಲ್ಲ ಎಂದು ಹೇಳಬೇಕೆಂದು ಎರಡು ದಿನ ಅಂದುಕೊಂಡಳು, ಮೂರನೇ ದಿನ ಬಕೆಟ್ಟಿಗೆ ನೀರು ತುಂಬಿಸಿಕೊಂಡು ಕೂತಳು. ದೂರದಿಂದ ಬಂದ ಯಾರೋ ಒಬ್ಬ ಅದನ್ನು ಕೊಂಡ. ಅವನಿಗೆ ಗೆಣ್ಣಕ್ಕನ ಹೆಸರು ಗೊತ್ತಿರಲಿಲ್ಲ. ಅವನು ಏನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಊರಿನ ಗಿರಾಕಿಗಳು ಬಂದು ಕೇಳಿದರೆ ಗಂಟಲು ಸರಿಯಿಲ್ಲ ಎಂದು ಕೈಸನ್ನೆ ಮಾಡಿ ಒಳಗೆ ಹೋಗುತ್ತಿದ್ದಳು. ಅದನ್ನೂ ಜನ ವಿನಯ ಎಂದೇ ತಿಳಿದರು.

ಗಾಜಿನವನ ಹೆಂಡತಿ ತಾನೇ ಕೊಯ್ಯುವುದನ್ನು ಕಲಿತಳು. ಗಂಡನನ್ನು ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂರಿಸುತ್ತಿದ್ದಳು; ಬಂದವರು ಅವನ ಕೈಗೇನಾಯಿತು ಎಂದು ಕೇಳಿದರೆ ಅವಳೇ ಒಳಗಿನಿಂದ ಉತ್ತರ ಕೊಡುತ್ತಿದ್ದಳು. ಅವನು ಒಂದು ದಿನ ಯಾರಿಗೂ ಹೇಳದೆ ತನ್ನ ತಮ್ಮನ ಊರಿಗೆ ಹೊರಟುಹೋದ. ಹೋದದ್ದು ಒಳ್ಳೆಯದಾಯಿತು ಎಂದು ಅವಳು ಎಲ್ಲರಿಗೂ ಹೇಳಿದಳು. ಆಮೇಲೆ ಒಂದು ವಾರ ಅಂಗಡಿ ತೆರೆಯಲಿಲ್ಲ.

ತೆರೆದ ಮೇಲೆ ಒಂದು ಬೆಳಿಗ್ಗೆ ಅವಳು ಶೆಡ್ಡಿಗೆ ಬಂದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಗಾಜೊಂದಿತ್ತು. ಗೆಣ್ಣಕ್ಕನ ಕೋಣೆಯ ಕಿಟಕಿಗೆ ರಟ್ಟು ಅಡ್ಡ ಇಟ್ಟದ್ದನ್ನು ಯಾವಾಗಲೋ ನೋಡಿಕೊಂಡು ಹೋಗಿದ್ದಳಂತೆ. ಅಳತೆ ಕಣ್ಣಂದಾಜಿನದು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ದುಡ್ಡಿನ ಮಾತೆತ್ತಬೇಡಿ ಎಂದು ಮೊದಲೇ ಹೇಳಿಬಿಟ್ಟಳು. "ಒಂದು ತುದಿ ಹಿಡ್ಕೊಳ್ಳಿ ಅಕ್ಕ, ಅಂಚು ತಿಕ್ಕಿದೀನಿ, ಕೊಯ್ಯಲ್ಲ," ಎಂದಳು. ಗೆಣ್ಣಕ್ಕ ಹಿಡಿದುಕೊಂಡಳು. ಆಕೆ ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಒಂದೊಂದಾಗಿ ಹೊಡೆಯುತ್ತಾ, ಇನ್ನು ಧೂಳು ಬರಲ್ಲ, ಚಳಿಯೂ ಬರಲ್ಲ ಎಂದು ಹೇಳುತ್ತಿದ್ದಳು. ಕೆಲಸ ಮುಗಿಯಲು ಅರ್ಧ ಗಂಟೆ ಹಿಡಿಯಿತು.